ಠಾಣೆಯ ದೃಶ್ಯ ಅಳಿಸಲು ಅಷ್ಟೇಕೆ ಅವಸರ?



ಪೊಲೀಸ್ ಠಾಣೆಯ ಸಿಸಿಟಿವಿ ದೃಶ್ಯ ಎಷ್ಟು ಕಾಲ ಇರಬೇಕೆಂಬುದು ಠಾಣೆಯವರ ಮರ್ಜಿಗೆ ಬಿಟ್ಟ ವಿಷಯವಲ್ಲ. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್ 2ರಂದೇ ಸುಪ್ರೀಂ ಕೋರ್ಟ್ ಹೇಳಿದೆ: ಧ್ವನಿಸಹಿತ ದೃಶ್ಯ 18 ತಿಂಗಳು ಇರಬೇಕು, ಅಷ್ಟು ಕಾಲ ಸಂಗ್ರಹಿಸಿಡುವ ಉಪಕರಣ ಸಿಗದಿದ್ದರೂ ಒಂದು ವರ್ಷಕ್ಕೆ ಕಡಿಮೆಯಾಗಕೂಡದು. ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಕೊಠಡಿ, ಠಾಣೆಯ ಹಿಂಭಾಗ ಎಲ್ಲವೂ ಕ್ಯಾಮೆರಾ ಕಣ್ಣಿನಲ್ಲಿರಬೇಕು. ಕೆಟ್ಟು ನಿಂತರೆ ಹೊಣೆ ಠಾಣಾಧಿಕಾರಿಯದು.

ತಾಲ್ಲೂಕು ನ್ಯಾಯಾಲಯದ ವಕೀಲನಾಗಿ ನಾನು ಕಾಣುತ್ತಿರುವುದೇ ಬೇರೆ. ನನ್ನ ಕಕ್ಷಿದಾರನೊಬ್ಬನನ್ನು ರಾತ್ರಿ ಠಾಣೆಗೆ ಕರೆದೊಯ್ದು ಬೆಳಿಗ್ಗೆ ಬಿಟ್ಟರು. ಬೆನ್ನ ತುಂಬ ಬಾಸುಂಡೆ. ಎಫ್‌ಐಆರ್ ಇಲ್ಲ, ಠಾಣೆಯ ಡೈರಿಯಲ್ಲಿ ಅವನ ಹೆಸರೂ ಇಲ್ಲ. ಆ ರಾತ್ರಿಯ ದೃಶ್ಯ ಕೊಡಿ ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆವು. ಗಡುವು ಮುಗಿಯುವ ಹೊತ್ತಿಗೆ ಹಿಂಬರಹ ಬಂತು: ‘ಡಿವಿಆರ್‌ನಲ್ಲಿ ಸ್ಥಳಾವಕಾಶವಿಲ್ಲದ ಕಾರಣ ಹಳೆಯ ದೃಶ್ಯಗಳು ತಾನಾಗಿ ಅಳಿಸಿಹೋಗಿರುತ್ತವೆ.’ ಉತ್ತರ ಕೊಡಲು ಕಾಯ್ದೆ 30 ದಿನ ಕೊಡುತ್ತದೆ. ಅಷ್ಟರೊಳಗೆ ದೃಶ್ಯವೇ ಇಲ್ಲವಾದರೆ ಅರ್ಜಿ ಹಾಕಿ ಫಲವೇನು?

ಜಾಗವಿಲ್ಲವೆಂಬ ಸಬೂಬನ್ನು ಒಪ್ಪಲಾಗದು. ನೀವು, ನಾನು ಯಾರಿಗೆ ಯಾವಾಗ ಫೋನ್ ಮಾಡಿದೆವೆಂಬ ವಿವರವನ್ನು ದೂರಸಂಪರ್ಕ ಕಂಪನಿಗಳು ಕನಿಷ್ಠ ಎರಡು ವರ್ಷ ಕಾಪಾಡಬೇಕೆಂದು 2021ರಲ್ಲಿ ಕೇಂದ್ರ ಸರ್ಕಾರವೇ ವಿಧಿಸಿತು. ಜನರ ಮೇಲೆ ಸಾಕ್ಷ್ಯವಾಗುವ ದಾಖಲೆಗೆ ಎರಡು ವರ್ಷ ಜಾಗ ಸಿಗುತ್ತದೆ, ಪೊಲೀಸರ ಮೇಲೆ ಸಾಕ್ಷ್ಯವಾಗಬಹುದಾದ ದಾಖಲೆಗೆ ಮಾತ್ರ ಒಂದು ಹಾರ್ಡ್‌ಡಿಸ್ಕ್ ಸಿಗುವುದಿಲ್ಲ. ಇದು ಅನ್ಯಾಯ. 2025ರ ಸೆಪ್ಟೆಂಬರ್‌ನಲ್ಲಿ, ಏಳೆಂಟು ತಿಂಗಳಲ್ಲಿ 11 ಮಂದಿ ಪೊಲೀಸ್ ವಶದಲ್ಲಿ ಸತ್ತರೆಂಬ ಪತ್ರಿಕಾ ವರದಿ ಆಧರಿಸಿ ಸುಪ್ರೀಂ ಕೋರ್ಟ್ ಠಾಣೆಗಳ ಕ್ಯಾಮೆರಾ ವಿಷಯವನ್ನು ಮತ್ತೆ ಕೈಗೆತ್ತಿಕೊಳ್ಳಬೇಕಾಯಿತು.

ತುರ್ತು ಸಹಾಯವಾಣಿ 112ರ ಕರೆಗಳ ಮಾತೂ ಇದೇ. ನೆರವು ಕೇಳಿದ್ದು ಯಾವಾಗ, ಹೊಯ್ಸಳ ವಾಹನ ಬಂದದ್ದು ಯಾವಾಗ ಎಂಬ ತಕರಾರು ಎದ್ದರೆ ಆ ಧ್ವನಿಮುದ್ರಣವೇ ಸಾಕ್ಷಿ. ಅದು ಎಷ್ಟು ದಿನ ಉಳಿಯುತ್ತದೆಂದು ಕರೆ ಮಾಡಿದ ಹೆಣ್ಣುಮಗಳಿಗೆ ಯಾರೂ ಹೇಳುವುದಿಲ್ಲ.

ಠಾಣೆಯ ಬಾಗಿಲಲ್ಲಿ ಜನರ ಭಾಷೆಯಲ್ಲಿ ದೊಡ್ಡ ಫಲಕವಿರಬೇಕು, ದೃಶ್ಯ ಕನಿಷ್ಠ ಎಷ್ಟು ಕಾಲ ಇರುತ್ತದೆ, ಹಕ್ಕಿಗೆ ಚ್ಯುತಿ ಬಂದವರು ಅದನ್ನು ಕಾಯ್ದಿರಿಸುವಂತೆ ಕೇಳಬಹುದು ಎಂದು ಅದರಲ್ಲಿ ಬರೆದಿರಬೇಕು ಎಂಬುದೂ 2020ರ ಅದೇ ಆದೇಶದಲ್ಲಿದೆ. ಗೃಹ ಇಲಾಖೆ ಮೊದಲು ಆ ಫಲಕಗಳನ್ನು ಹಾಕಿಸಲಿ. 112ರ ಕರೆಗಳ ಅವಧಿಯನ್ನೂ ಪ್ರಕಟಿಸಲಿ. ಲಿಖಿತ ಮನವಿ ಬಂದ ದಿನವೇ ದೃಶ್ಯವನ್ನು ಬೇರೆಡೆ ತೆಗೆದಿಡುವಂತೆ ಸುತ್ತೋಲೆ ಹೊರಡಿಸಲಿ.

ಅಲ್ಲಿಯವರೆಗೆ ಓದುಗರಲ್ಲಿ ನನ್ನದೊಂದು ಮಾತು. ಠಾಣೆಯಲ್ಲಿ ನಿಮಗೋ ನಿಮ್ಮವರಿಗೋ ತೊಂದರೆಯಾದರೆ ಮಾಹಿತಿ ಹಕ್ಕಿನ ಉತ್ತರಕ್ಕೆ ಕಾಯುತ್ತ ಕೂರಬೇಡಿ. ದಿನ, ಸಮಯ ನಮೂದಿಸಿ, ಆ ಹೊತ್ತಿನ ದೃಶ್ಯ ಅಳಿಸಬಾರದೆಂದು ಎಸ್‌ಪಿ ಕಚೇರಿಗೆ ಕೂಡಲೇ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.

– ಒಬ್ಬ ವಕೀಲ