ನದಿಯ ಪಾಲು ಎಷ್ಟು?



ಮುಂಗಾರು ಒಳ್ಳೆಯದಾಗಿ ಕನ್ನಂಬಾಡಿ ಕಟ್ಟೆಯ ಬಾಗಿಲುಗಳು ತೆರೆದೊಡನೆ ಪತ್ರಿಕೆಗಳಲ್ಲೂ ಸಭೆಗಳಲ್ಲೂ ಒಂದೇ ಮಾತು ಕೇಳಿಬರುತ್ತದೆ: "ಇಷ್ಟು ಟಿಎಂಸಿ ನೀರು ವ್ಯರ್ಥವಾಗಿ ಸಮುದ್ರದ ಪಾಲಾಯಿತು." ವಿದ್ಯಾವಂತರೂ ಇದನ್ನು ಒಪ್ಪಿ ತಲೆದೂಗುತ್ತಾರೆ. ಆ 'ವ್ಯರ್ಥ' ಎಂಬ ಪದದ ಮೇಲೆಯೇ ನನ್ನ ತಕರಾರು. ಸಮುದ್ರ ಸೇರುವುದು ನದಿಯ ಸ್ವಭಾವ. ಸ್ವಭಾವದಂತೆ ನಡೆಯುವುದನ್ನೇ ನಷ್ಟವೆಂದು ಬರೆದಿಡುವ ಈ ಲೆಕ್ಕಪತ್ರವನ್ನು ನಾವು ಎಲ್ಲಿಂದ ಕಲಿತೆವು?

ಲೆಕ್ಕವನ್ನೇ ನೋಡೋಣ. ಕಾವೇರಿ ನ್ಯಾಯಮಂಡಳಿಯು 2007ರ ತೀರ್ಪಿನಲ್ಲಿ ಕೊಳ್ಳದ ಒಟ್ಟು ನೀರನ್ನು 740 ಟಿಎಂಸಿ ಎಂದು ನಿರ್ಧರಿಸಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ತಿದ್ದಿದ ಹಂಚಿಕೆಯಂತೆ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7. ಉಳಿದದ್ದು 14. ಅದರಲ್ಲಿ 10 ಪರಿಸರ ರಕ್ಷಣೆಗೆ. ಮಿಕ್ಕ 4 ಟಿಎಂಸಿ, ಅನಿವಾರ್ಯವಾಗಿ ಸಮುದ್ರಕ್ಕೆ ಸೋರಿಹೋಗುವ ನೀರು. ಅಂದರೆ ಆ ನಾಲ್ಕೂ ನದಿಗೆಂದು ಯಾರೂ ಕೊಟ್ಟದ್ದಲ್ಲ, ತಡೆಯಲಾಗದ್ದರಿಂದ ಬಿಟ್ಟದ್ದು. ಹದಿನಾಲ್ಕನ್ನೂ ಕೂಡಿಸಿ ನದಿಯ ಪಾಲೆಂದೇ ಎಣಿಸಿದರೂ ನೂರಕ್ಕೆ ಎರಡು ಬರುವುದಿಲ್ಲ. ನಾಲ್ವರು ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡು ಹೆತ್ತ ತಾಯಿಗೆ ಜಗಲಿಯ ಮೂಲೆ ತೋರಿಸಿದಂತೆ!

ಅಣೆಕಟ್ಟುಗಳನ್ನು ಕಟ್ಟಲೇಬಾರದಿತ್ತು ಎನ್ನುವವನು ನಾನಲ್ಲ. 1911ರಲ್ಲಿ ಕನ್ನಂಬಾಡಿಯ ಕೆಲಸ ಆರಂಭವಾಗಿ ಮುಗಿಯಲು ಎರಡು ದಶಕಗಳು ಹಿಡಿದವು. ಮಂಡ್ಯದ ಒಣನೆಲದಲ್ಲಿ ಕಬ್ಬು ಭತ್ತ ಬೆಳೆದದ್ದು ಆ ನೀರಿನಿಂದಲೇ. ಆ ಅನ್ನವನ್ನುಂಡವರು ಅದನ್ನು ಹಳಿಯಲಾಗದು. ಆದರೆ ಪಡೆದದ್ದನ್ನು ಮಾತ್ರ ಎಣಿಸಿ ಕಳೆದದ್ದನ್ನು ಬರೆಯದಿದ್ದರೆ ಅದು ಲೆಕ್ಕವೆನಿಸದು.

ಏನು ಕಳೆದೆವು? ಹಿಲ್ಸಾ ಮೀನನ್ನು ಬಂಗಾಳಿಗಳದ್ದೆಂದು ನಾವು ತಿಳಿದಿದ್ದೇವೆ. ಅದು ಬಂಗಾಳಕೊಲ್ಲಿಯಿಂದ ಕಾವೇರಿಗೂ ಮೊಟ್ಟೆಯಿಡಲು ಏರಿಬರುತ್ತಿತ್ತು. ಮುಖಜಭೂಮಿಯ ಒಡ್ಡುಗಳು ಮೊದಲೇ ಅದಕ್ಕೆ ಅಡ್ಡಿಯಾಗಿದ್ದವು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದ ಮೇಲೆ ಹರಿವೇ ಬದಲಾಗಿ ಆ ಮೀನುಗಾರಿಕೆ ನೆಲಕಚ್ಚಿತು. ಗಂಗಾನದಿಯಲ್ಲಿ 1975ರ ಫರಕ್ಕಾ ಒಡ್ಡಿನ ಮೇಲ್ಭಾಗದಲ್ಲಿ ಆದದ್ದೂ ಇದೇ ಕಥೆ.

ನಮ್ಮದೇ ಮನೆಯಂಗಳದ ಮಾತು ಇನ್ನೂ ಕಠಿಣ. ಕಾವೇರಿ ಕೊಳ್ಳವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಮೀನೊಂದಿದೆ, ಬೆನ್ನುಬ್ಬಿದ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದದ್ದು 120 ಪೌಂಡು ತೂಗಿತ್ತು. ಹೆಚ್ಚುಕಡಿಮೆ ಒಬ್ಬ ಮನುಷ್ಯನ ತೂಕ! ಆಮೇಲೆ ಏರುಹಾದಿಗಳಿಗೆ ಕಟ್ಟೆಗಳು ಅಡ್ಡಬಂದವು, ಮರಳು ಲಾರಿ ಹತ್ತಿತು, ಸಿಡಿಮದ್ದು ಹಾಕಿ ಮೀನು ಹಿಡಿಯುವವರೂ ಬಂದರು. ಸಾಲದ್ದಕ್ಕೆ, ಒಳ್ಳೆಯ ಉದ್ದೇಶದಿಂದಲೇ, ಮಹಾರಾಷ್ಟ್ರದ ಲೋಣಾವಳದಲ್ಲಿ ಬೆಳೆಸಿದ ಬೇರೊಂದು ಜಾತಿಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಅವು ಹೆಚ್ಚಿದವು, ಮೂಲನಿವಾಸಿ ಕರಗಿತು. ಅದರ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿನಲ್ಲಿತ್ತು. ಹೆಸರಿಡುವ ಮುನ್ನವೇ ಕೂಸನ್ನು ಮಣ್ಣುಮಾಡುವ ಹಂತ ತಲುಪಿದೆವು.

ಹರಿಗೋಲು ಹಾಕುವ ಬೆಸ್ತರ ವಿಷಯವನ್ನೂ ಕೇಳಿ. ಹರಿವ ನದಿಯಲ್ಲಿ ಬಲೆ ಬೀಸುತ್ತಿದ್ದವರು ನಿಂತ ನೀರಿಗೆ ಬಂದಾಗ, ಮೀನಿನ ಹಕ್ಕು ಗುತ್ತಿಗೆಯ, ಲೈಸೆನ್ಸಿನ ವಸ್ತುವಾಯಿತು. ಅವರ ಬಲೆಗೆ ಇಂದು ಬೀಳುವುದು ಬಹುಪಾಲು ಬಿತ್ತಿದ ಕಾಟ್ಲಾ, ರೋಹು, ಇಲ್ಲವೇ 1952ರಲ್ಲಿ ಭಾರತಕ್ಕೆ ತಂದ ಆಫ್ರಿಕಾದ ತಿಲಾಪಿಯಾ, ಅಂದರೆ ನಮ್ಮ ಸಂತೆಗಳ ಜಿಲೇಬಿ ಮೀನು. ಜಲಾಶಯಗಳು ಬಂದದ್ದರಿಂದ ಮೀನು ಹೆಚ್ಚಿತೆಂದು ಇಲಾಖೆ ಟನ್ನುಗಳಲ್ಲಿ ತೋರಿಸಬಹುದು. ಯಾವ ಮೀನು, ಯಾರಿಗೆ ಎಂಬುದು ಟನ್ನುಗಳಲ್ಲಿ ಕಾಣದು. ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸ ತ್ಯಜಿಸಿ ಮೀನು ಕೊಳ್ಳುವ ನಾವಾದರೂ ಅದರ ಊರು ಕೇಳಿದ್ದೇವೆಯೇ?

ಇನ್ನು ಬೆಂಗಳೂರು. 1974ರಿಂದ ಈ ನಗರ ಕಾವೇರಿಯನ್ನು ಕುಡಿಯುತ್ತಿದೆ. 2024ರ ಐದನೆಯ ಹಂತದಿಂದ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಸೇರಿತು. ಕುಡಿಯುವ ನೀರನ್ನು ಯಾರೂ ಬೇಡವೆನ್ನಲಾರರು. ಆದರೆ ನಗರವು ನದಿಗೆ ಮರಳಿ ಕೊಡುವುದೇನು? ವೃಷಭಾವತಿಯ ಕೊಳಚೆ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ತೆಗೆದುಕೊಂಡದ್ದನ್ನು ಹಿಂದಿರುಗಿಸುವ ರೀತಿ ಇದು.

ಅದೇ ಸಂಗಮದ ಕೆಳಗೆ ಮೇಕೆದಾಟುವಿನಲ್ಲಿ 67 ಟಿಎಂಸಿಯ ಇನ್ನೊಂದು ಕಟ್ಟೆಯ ಪ್ರಸ್ತಾವವಿದೆ. ಮುಳುಗಡೆಯಾಗುವುದು ಸುಮಾರು 5,000 ಹೆಕ್ಟೇರ್, ಬಹುಪಾಲು ಕಾವೇರಿ ವನ್ಯಜೀವಿ ಧಾಮದ ಕಾಡು. ಒಂದು ಕಾಲದಲ್ಲಿ ಆ ಮಹಶೀರ್‌ಗೆ ಹೆಸರಾಗಿದ್ದ ಹೊಳೆ ಅದು. 'ಪ್ರವಾಹದ ವರ್ಷ ನೂರಾರು ಟಿಎಂಸಿ ಹರಿದುಹೋಗುತ್ತದಲ್ಲ, ಹಿಡಿದಿಟ್ಟರೆ ತಪ್ಪೇನು?' ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಆ ಪ್ರವಾಹ ಮೆಕ್ಕಲು ಮಣ್ಣನ್ನು ಮುಖಜಭೂಮಿಗೆ ಒಯ್ಯುತ್ತದೆ, ಉಪ್ಪುನೀರನ್ನು ಹಿಂದಕ್ಕೆ ತಳ್ಳುತ್ತದೆ, ಪಿಚಾವರಂನ ಕಾಂಡ್ಲಾ ಕಾಡಿಗೆ ಸಿಹಿನೀರು ಕೊಡುತ್ತದೆ. ಅಲ್ಲಿಯೂ ಮನುಷ್ಯರಿದ್ದಾರೆ, ಬಲೆಯನ್ನೇ ನಂಬಿದವರು. ಇಷ್ಟಾಗಿ, ಬರದ ವರ್ಷದಲ್ಲಿ ಹೊಸ ಕಟ್ಟೆ ಮಳೆ ತರಲಾರದು. ಮೊದಲು ಬೆಂಗಳೂರಿನ ಪೈಪುಗಳ ಸೋರಿಕೆ ನಿಲ್ಲಲಿ, ಕೊಳಚೆ ಶುದ್ಧವಾಗಲಿ, ನಾಲೆಯ ಬಯಲಿನಲ್ಲಿ ಕಬ್ಬಿನ ಪಕ್ಕ ರಾಗಿಗೂ ಯೋಗ್ಯ ಬೆಲೆ ಸಿಗಲಿ.

ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ, ವಹ್ನಿಪುಷ್ಕರಿಣಿ ಎಂದು ಕರೆಯುವ ಕಾವೇರಿಯ ಮಡುವಿನಲ್ಲಿ, ಜನ ದೇವರ ಮೀನುಗಳೆಂದು ಇಂದಿಗೂ ಬಲೆ ಹಾಕುವುದಿಲ್ಲ. ಯಾವ ನ್ಯಾಯಮಂಡಳಿಯೂ ಅವರಿಗೆ ಆಜ್ಞೆ ಮಾಡಿರಲಿಲ್ಲ. ಮುಂದಿನ ಸಲ ನಿಮ್ಮ ಊರಿಗೆ ಕಾವೇರಿಯ ಹೆಸರಿನಲ್ಲಿ ಮನವಿಪತ್ರಕ್ಕೆ ಸಹಿ ಕೇಳಲು ಯಾರಾದರೂ ಬಂದರೆ, ಸಹಿ ಹಾಕುವ ಮುನ್ನ ಕಾಗದವನ್ನು ಪೂರ್ತಿ ಓದಿ, ಇದರಲ್ಲಿ ನದಿಗೆ ಎಷ್ಟು ಟಿಎಂಸಿ ಬರೆದಿದ್ದೀರಿ ಎಂದು ಕೇಳಿ.