ಮಾಂಟೆಸ್ಸರಿ: ಫಲಕವಿದ್ದರೆ ಸಾಕೇ?

ನಮ್ಮ ಪಟ್ಟಣಗಳಲ್ಲಿ ಮಾಂಟೆಸ್ಸರಿ ಎಂಬ ಫಲಕಕ್ಕೆ ಬರವಿಲ್ಲ. 2024ರಲ್ಲಿ ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ತರಗತಿಗಳನ್ನು ಆರಂಭಿಸಿದ ರಾಜ್ಯ ಸರಕಾರವೂ ‘ಸರಕಾರಿ ಮಾಂಟೆಸ್ಸರಿ’ ಎಂಬ ಹೆಸರನ್ನೇ ಆರಿಸಿಕೊಂಡಿತು. ಹೆಸರಿಗೆ ಇಷ್ಟೊಂದು ಬೆಲೆ ಬಂದಿರುವಾಗ, ಅದರ ಅಡಿಯಲ್ಲಿ ಮಕ್ಕಳಿಗೆ ಸಿಗುತ್ತಿರುವುದೇನು ಎಂದು ಹೆತ್ತವರು ಕೇಳಬೇಡವೇ? ಮೂರು ವರ್ಷದ ಮಗುವನ್ನು ಬೆಂಚಿನಲ್ಲಿ ಕೂರಿಸಿ, ಎರಡು ಪುಟ ಹೋಂವರ್ಕ್ ಹೊರಿಸಿ ಮನೆಗೆ ಕಳುಹಿಸುವ ಶಾಲೆಯು ಯಾವ ಫಲಕ ತೂಗುಹಾಕಿದರೂ ಮಾಂಟೆಸ್ಸರಿ ಆಗಲಾರದು.

ಈ ಪದ್ಧತಿ ಹುಟ್ಟಿದ್ದು ಶ್ರೀಮಂತರಿಗಾಗಿ ಅಲ್ಲ. ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿ 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡ ಬಡಾವಣೆಯಲ್ಲಿ ದುಡಿಯುವವರ ಮಕ್ಕಳಿಗಾಗಿ ‘ಮಕ್ಕಳ ಮನೆ’ಯನ್ನು ತೆರೆದರು. 1939ರಲ್ಲಿ ಮದ್ರಾಸಿಗೆ ಬಂದ ಅವರು ಯುದ್ಧಕಾಲವನ್ನು ಭಾರತದಲ್ಲೇ ಕಳೆದು ಇಲ್ಲಿನ ಶಿಕ್ಷಕರಿಗೆ ತರಬೇತಿ ನೀಡಿದರು. ಬಡವರ ಕೇರಿಯಲ್ಲಿ ಹುಟ್ಟಿದ ಶಿಕ್ಷಣವು ಇಂದು ದುಬಾರಿ ಶುಲ್ಕದ ಸರಕಾಗಿರುವುದು ವಿಪರ್ಯಾಸವಲ್ಲದೆ ಇನ್ನೇನು?

ನಿಜವಾದ ಮಾಂಟೆಸ್ಸರಿ ಕೋಣೆಯಲ್ಲಿ ಮಗುವಿನ ಕೈಗೆಟಕುವ ಕಪಾಟುಗಳಲ್ಲಿ ಕಲಿಕೆಯ ಐದು ವಿಭಾಗಗಳಿರುತ್ತವೆ. ಮೊದಲನೆಯದು ದಿನನಿತ್ಯದ ಬದುಕು: ನೀರು ಸುರಿಯುವುದು, ಗುಂಡಿ ಹಾಕುವುದು, ಗುಡಿಸುವುದು, ಒರೆಸುವುದು. ಎರಡನೆಯದು ಇಂದ್ರಿಯಗಳ ತರಬೇತಿ: ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗಿನ ಹತ್ತು ಗುಲಾಬಿ ಘನಗಳನ್ನು ಮಗುವು ಗೋಪುರವಾಗಿ ಜೋಡಿಸುತ್ತದೆ. ಭಾಷಾ ವಿಭಾಗದಲ್ಲಿ ಉಪ್ಪುಕಾಗದದ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ಅದು ಅಕ್ಷರದ ಆಕಾರವನ್ನೂ ಧ್ವನಿಯನ್ನೂ ಒಟ್ಟಿಗೆ ಕಲಿಯುತ್ತದೆ. ಗಣಿತದಲ್ಲಿ ಒಂದು ಮಣಿ, ಹತ್ತರ ಸರ, ನೂರರ ಚೌಕ, ಸಾವಿರದ ಘನ. ಬಾಯಿಪಾಠದಲ್ಲಿ ಬರಿಯ ಶಬ್ದವಾಗಿದ್ದ ಸಾವಿರವು ಇಲ್ಲಿ ಕೈಗೆ ಭಾರವಾಗುತ್ತದೆ. ಐದನೆಯದರಲ್ಲಿ ಭೂಪಟ, ಗಿಡ, ಪ್ರಾಣಿಗಳ ಪರಿಚಯ.

ದಿನಚರಿಯೂ ಅಷ್ಟೇ ಮುಖ್ಯ. ಬೆಳಗ್ಗಿನ ಸುಮಾರು ಮೂರು ಗಂಟೆಗಳ ಕಾಲ ಗಂಟೆ ಬಾರಿಸುವವರಿಲ್ಲ. ಮಗುವು ತನ್ನ ಕೆಲಸವನ್ನು ತಾನೇ ಆರಿಸಿಕೊಂಡು, ಚಾಪೆ ಹಾಸಿ, ಮನದಣಿಯೆ ಮಾಡಿ, ಬಳಿಕ ಸಾಮಗ್ರಿಯನ್ನು ಇದ್ದಲ್ಲಿಯೇ ಇಡುತ್ತದೆ. ಶಿಕ್ಷಕಿ ಒಮ್ಮೆ ತೋರಿಸಿಕೊಟ್ಟು ಹಿಂದೆ ಸರಿದು ಗಮನಿಸುತ್ತಾರೆ. ಮೂರರಿಂದ ಆರರವರೆಗಿನವರು ಒಂದೇ ಕೋಣೆಯಲ್ಲಿರುವುದರಿಂದ ದೊಡ್ಡವರನ್ನು ನೋಡಿ ಚಿಕ್ಕವರು ಕಲಿಯುತ್ತಾರೆ. ಸಾಮೂಹಿಕ ಹಾಡು, ಕಥೆ, ಉಪಾಹಾರ, ಹೊರಾಂಗಣದ ಆಟ ಎಲ್ಲಕ್ಕೂ ಇಲ್ಲಿ ಸಮಯವಿದೆ.

ಆದರೆ ದೋಷವು ಶಾಲೆಗಳದ್ದು ಮಾತ್ರವೇ? ನೋಟ್‌ಬುಕ್ ಖಾಲಿ ಇದೆಯೆಂದು ದೂರುವವರು ಯಾರು? ಪಕ್ಕದ ಮನೆಯ ಮಗು ನೂರರವರೆಗೆ ಬರೆಯುತ್ತದೆಂದು ಶಿಕ್ಷಕಿಯ ಮೇಲೆ ಒತ್ತಡ ಹೇರುವವರು ಯಾರು? ಮೂರು ಬೆರಳುಗಳಿಂದ ಮರದ ಸಿಲಿಂಡರಿನ ಗುಬುಟನ್ನು ಹಿಡಿದೆತ್ತುವ ಮಗುವು ಮುಂದೆ ಪೆನ್ಸಿಲ್ ಹಿಡಿಯಲು ಸಜ್ಜಾಗುತ್ತಿರುತ್ತದೆ ಎಂಬುದನ್ನು ಹೆತ್ತವರು ಅರಿಯಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಹಂತಕ್ಕೆ ಆಟದ ಮೂಲಕ ಕಲಿಕೆಯನ್ನೇ ಸೂಚಿಸಿದೆ. ಆ ಬಗ್ಗೆ ಎಷ್ಟು ಭಿನ್ನಾಭಿಪ್ರಾಯಗಳಿದ್ದರೂ ಈ ಮಾತು ಒಪ್ಪತಕ್ಕದ್ದು.

ಸರಕಾರಕ್ಕೂ ಜವಾಬ್ದಾರಿಯಿದೆ. ಗೋಡೆಗೆ ಬಣ್ಣ ಬಳಿದು ಹೆಸರು ಬದಲಿಸಿದರೆ ಅಂಗನವಾಡಿಯು ಮಾಂಟೆಸ್ಸರಿ ಆಗದು. ಕಾರ್ಯಕರ್ತೆಯರಿಗೆ ತಕ್ಕ ತರಬೇತಿ, ಗೌರವಯುತ ವೇತನ ಮತ್ತು ಸಾಮಗ್ರಿಗಳನ್ನು ಒದಗಿಸಬೇಕು. ಅದು ನಡೆದರೆ ಈ ಪದ್ಧತಿಯು ತಾನು ಹುಟ್ಟಿದ ಬಡವರ ಮನೆಬಾಗಿಲಿಗೇ ಮರಳೀತು.

ಮುಂದಿನ ಪ್ರವೇಶಾತಿಯ ವೇಳೆ ಹೆತ್ತವರು ಶುಲ್ಕದ ಪಟ್ಟಿಗಿಂತ ಮೊದಲು ಮೂರು ಪ್ರಶ್ನೆಗಳನ್ನು ಕೇಳಲಿ. ಶಿಕ್ಷಕಿ ಎಲ್ಲಿ ತರಬೇತಿ ಪಡೆದಿದ್ದಾರೆ? ಮಗು ತನ್ನ ಕೆಲಸವನ್ನು ತಾನೇ ಆರಿಸಿಕೊಳ್ಳುತ್ತದೆಯೇ? ಅಡ್ಡಿಯಿಲ್ಲದೆ ಎಷ್ಟು ಹೊತ್ತು ಅದರಲ್ಲಿ ತೊಡಗಬಹುದು? ಉತ್ತರ ಸಿಗದಿದ್ದರೆ ಫಲಕಕ್ಕೆ ಮರುಳಾಗಬೇಕಿಲ್ಲ. ಮನೆಯಲ್ಲೂ ಮಗುವಿಗೆ ಒಂದು ಪುಟ್ಟ ಪೊರಕೆ, ಒಂದು ತಂಬಿಗೆ ನೀರು ಮತ್ತು ಒಂದಿಷ್ಟು ಸಮಯ ಕೊಡಲು ಯಾರ ಅನುಮತಿಯೂ ಬೇಕಾಗಿಲ್ಲ.