ಕೈಗೆಟುಕದ ಎತ್ತರ

ಅಡುಗೆಮನೆಯ ಒಲೆಯ ಬಳಿಗೆ ಮಗುವನ್ನು ಬಿಡಬಾರದೆಂಬುದನ್ನು ಯಾವ ತಾಯಿಗೂ ಹೇಳಿಕೊಡಬೇಕಾಗಿಲ್ಲ. ಬಾವಿಗೆ ಕಟ್ಟೆ ಇರಬೇಕೆಂಬುದೂ ಎಲ್ಲ ಗೃಹಸ್ಥರಿಗೆ ತಿಳಿದ ಮಾತೇ. ಬೆಂಕಿ ಮತ್ತು ಬಾವಿ ತಮ್ಮ ಅಪಾಯವನ್ನು ತಾವೇ ಸಾರುತ್ತವೆ. ಆದರೆ ಬಟ್ಟೆ ಒಗೆಯುವ ಸಾಮಗ್ರಿಗಳು ಹಾಗಲ್ಲ. ಸಾಬೂನಿನ ಪುಡಿಗೆ ಸುವಾಸನೆಯುಂಟು, ನೀಲಿಗೆ ಅಂದವಾದ ಬಣ್ಣವುಂಟು, ನುಸಿಗುಳಿಗೆ ಮಿಠಾಯಿಯಂತೆ ಬೆಳ್ಳಗೆ ದುಂಡಗಿರುತ್ತದೆ. ಶುಚಿತ್ವಕ್ಕಾಗಿ ತಂದ ವಸ್ತುವಿನಿಂದ ಕೇಡಾದೀತೆಂಬ ಯೋಚನೆ ಸುಲಭವಾಗಿ ಹೊಳೆಯುವುದಿಲ್ಲ. ಆದುದರಿಂದ ಅವು ಮನೆಯ ಯಾವುದೋ ಮೂಲೆಯಲ್ಲಿ, ನೆಲದ ಮೇಲೆಯೇ, ಅಂಬೆಗಾಲಿಡುವ ಮಗುವಿನ ಕಣ್ಣೆದುರಿಗೇ ಇರುತ್ತವೆ.

ಮಂಗಳೂರಿನ ಹಳೆಯ ಹಂಚಿನ ಮನೆಗಳಲ್ಲಿ ಬಚ್ಚಲುಮನೆ ಸಾಮಾನ್ಯವಾಗಿ ಹಿಂಬದಿಯಲ್ಲಿ, ವಾಸದ ಕೋಣೆಗಳಿಂದ ದೂರವಾಗಿ ಇರುತ್ತಿತ್ತು. ಒಗೆಯುವ ಕಲ್ಲು ಬಾವಿಯ ಬಳಿ, ತೆಂಗಿನ ಮರದ ಬುಡದಲ್ಲಿ. ರೇಷ್ಮೆ ಸೀರೆಗೆ ಅಂಟುವಾಳದ ನೊರೆ, ಉಳಿದ ಬಟ್ಟೆಗಳಿಗೆ ಒಂದು ತುಂಡು ಸಾಬೂನು; ಇಷ್ಟರಿಂದಲೇ ಕೆಲಸ ಸಾಗುತ್ತಿತ್ತು. ಆ ಕಾಲ ನಿರಪಾಯವಾಗಿತ್ತೆಂದು ಇದರ ಅರ್ಥವಲ್ಲ. ತೆರೆದ ಬಾವಿಯ ಭಯ ಅಂದಿನ ಮನೆಗಳಿಗೂ ಇದ್ದಿತು. ಆದರೆ ಒಗೆತದ ಅಪಾಯ ಮನೆಯ ಹೊರಗಿತ್ತು. 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಬಂದ ಮೇಲೆ ಸಾಬೂನಿನ ಪುಡಿ ದೇಶದ ಮನೆಮನೆಗೂ ಹಬ್ಬಿತು. ಅನಂತರ ಒಗೆಯುವ ಯಂತ್ರ ಬಂದಿತು. ಇಂದು ಕದ್ರಿ, ಬಿಜೈ, ಕಂಕನಾಡಿಯಂತಹ ಕಡೆಗಳಲ್ಲಿ ಎದ್ದಿರುವ ವಸತಿ ಸಮುಚ್ಚಯಗಳಲ್ಲಿ ಆ ಯಂತ್ರ ಅಡುಗೆಮನೆಗೆ ತಾಗಿದ ಮೊಗಸಾಲೆಯಲ್ಲೋ ಬಚ್ಚಲಿನಲ್ಲೋ ನಿಂತಿರುತ್ತದೆ. ಅದರ ಸುತ್ತಲೇ ಪುಡಿ, ದ್ರಾವಣ, ಬ್ಲೀಚಿಂಗ್ ಪುಡಿ, ಬಕೆಟ್ಟು. ಒಗೆತದ ಜಾಗ ಮನೆಯೊಳಕ್ಕೆ ಬಂದಿದೆ. ಅದಕ್ಕೆ ತಕ್ಕ ಎಚ್ಚರ ಮಾತ್ರ ಇನ್ನೂ ಒಳಕ್ಕೆ ಬಂದಿಲ್ಲ.

ಈ ಊರಿನ ಹವೆಯೂ ಅಪಾಯವನ್ನು ಹೆಚ್ಚಿಸುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಬೀಳುತ್ತದೆ. ಆ ತಿಂಗಳುಗಳಲ್ಲಿ ಪೊಟ್ಟಣದಲ್ಲಿರುವ ಪುಡಿ ತೇವವನ್ನು ಹೀರಿ ಗಟ್ಟಿಯಾಗುತ್ತದೆ. ಆಗ ಅದನ್ನು ಹಾಲುಪುಡಿಯ ಡಬ್ಬಿಗೋ ಬಿಸ್ಕತ್ತಿನ ಭರಣಿಗೋ ಸುರಿದಿಡುವ ರೂಢಿಯುಂಟು. ಬಟ್ಟೆಗೆ ಹುಳು ಹಿಡಿಯದಿರಲೆಂದು ಕಪಾಟಿನ ತಳದಲ್ಲಿ ನುಸಿಗುಳಿಗೆಗಳನ್ನು ಹರಡುತ್ತಾರೆ. ಬೇಸಗೆಯಲ್ಲಿ ಸಂಕಟ ಬೇರೆ ಬಗೆಯದು. ನಗರಕ್ಕೆ ನೀರುಣಿಸುವುದು ನೇತ್ರಾವತಿಗೆ ಕಟ್ಟಿದ ತುಂಬೆಯ ಅಣೆಕಟ್ಟು. ಅಲ್ಲಿ ನೀರು ತಗ್ಗಿದಾಗ, 2016 ಮತ್ತು 2019ರಲ್ಲಿ ಆದಂತೆ, ಸರದಿಯ ಮೇಲೆ ನೀರು ಬಿಡಬೇಕಾಗುತ್ತದೆ. ಆಗ ಒಗೆತಕ್ಕೆಂದು ಬಕೆಟ್ಟುಗಳಲ್ಲಿಯೂ ಡ್ರಮ್ಮುಗಳಲ್ಲಿಯೂ ನೀರು ತುಂಬಿ ನಿಲ್ಲುತ್ತದೆ. ಡಬ್ಬಿ ಬದಲಿಸಿದುದರಲ್ಲಿಯೂ ನೀರು ತುಂಬಿದುದರಲ್ಲಿಯೂ ಯಾರ ದುರ್ಬುದ್ಧಿಯೂ ಇಲ್ಲ. ಎಲ್ಲವೂ ಗೃಹಕೃತ್ಯದ ಜಾಣತನವೇ. ಮಗುವಿನ ಲೆಕ್ಕವೊಂದು ಅದರಲ್ಲಿ ಸೇರಿಲ್ಲ, ಅಷ್ಟೆ.

ಈ ವಸ್ತುಗಳು ಮಾಡುವ ಕೇಡನ್ನು ಸರಿಯಾಗಿ ತಿಳಿದಿರುವುದು ಒಳ್ಳೆಯದು. ಕಾಸ್ಟಿಕ್ ಸೋಡಾದಂತಹ ತೀವ್ರ ಕ್ಷಾರಗಳು ಬಾಯಿಯನ್ನೂ ಅನ್ನನಾಳವನ್ನೂ ಸುಡುತ್ತವೆ. ಗಾಯ ಮಾಯುವಾಗ ನಾಳವೇ ಕಿರಿದಾಗಿಬಿಡಬಹುದು. ಬ್ಲೀಚಿಂಗ್ ಪುಡಿಗೆ ಆಮ್ಲ ಬೆರೆತರೆ ಕ್ಲೋರಿನ್ ಅನಿಲ ಹೊರಟು ಉಸಿರುಕಟ್ಟಿಸುತ್ತದೆ. ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನ್ ರಕ್ತದ ಕೆಂಪು ಕಣಗಳನ್ನು ಒಡೆಯಬಲ್ಲದು. ಹುಟ್ಟಿನಿಂದಲೇ ಒಂದು ಬಗೆಯ ಕಿಣ್ವದ ಕೊರತೆಯಿರುವ ಮಕ್ಕಳಿಗೆ ಇದು ಇನ್ನೂ ಹೆಚ್ಚು ಅಪಾಯಕರ. ಅಂತಹ ಶಿಶುಗಳಿಗೆ ನುಸಿಗುಳಿಗೆಯ ನಡುವೆ ಬಹುಕಾಲ ಇದ್ದ ಬಟ್ಟೆಯನ್ನು ಹೊದಿಸಿದುದರಿಂದಲೇ ಕಾಯಿಲೆಯಾದುದುಂಟು. ಇನ್ನು ನೀರು. ಎಳೆಯ ಮಗುವಿನ ತಲೆ ಮೈಯ ಪ್ರಮಾಣಕ್ಕೆ ಹೋಲಿಸಿದರೆ ಭಾರ. ಬಕೆಟ್ಟಿನೊಳಕ್ಕೆ ಬಗ್ಗಿದ ಮಗು ಮುಗ್ಗರಿಸಿದರೆ ತಾನಾಗಿ ಮೇಲೇಳಲಾರದು. ಕೆಲವೇ ಅಂಗುಲ ನೀರು ಪ್ರಾಣವನ್ನು ತೆಗೆಯಲು ಸಾಕು.

ಇಂತಹ ಅವಘಡಗಳಿಗೆ ಮಕ್ಕಳ ತುಂಟತನವೇ ಕಾರಣವೆಂದು ಹೇಳಿ ಸುಮ್ಮನಾಗುವುದು ಎಲ್ಲ ದೇಶಗಳಲ್ಲಿಯೂ ಇದ್ದ ಪದ್ಧತಿ. ಅದನ್ನು ಒಪ್ಪದ ವೈದ್ಯರೊಬ್ಬರು ಅಮೆರಿಕದಲ್ಲಿ ಇದ್ದರು. ಷೆವಲಿಯರ್ ಜಾಕ್ಸನ್ ಎಂಬ ಆ ಗಂಟಲಿನ ತಜ್ಞರು ಫಿಲಡೆಲ್ಫಿಯ ನಗರದಲ್ಲಿ ಚಿಕಿತ್ಸೆ ನೀಡುತ್ತಿದ್ದರು. ಸಾಬೂನು ತಯಾರಿಕೆಗೂ ಶುಚಿಕಾರ್ಯಕ್ಕೂ ಮನೆಯಲ್ಲಿಟ್ಟ ಕ್ಷಾರವನ್ನು ತಿಂದು, ಗುಟುಕು ನೀರನ್ನೂ ನುಂಗಲಾರದಂತಾದ ಮಕ್ಕಳನ್ನು ಅವರ ಬಳಿಗೆ ಕರೆತರುತ್ತಿದ್ದರು. ಮುಚ್ಚಿಹೋದ ನಾಳವನ್ನು ಹಿಗ್ಗಿಸುವ ಕೌಶಲ ಅವರಿಗಿತ್ತು. ಆದರೆ ವಾಸಿಮಾಡುವುದಷ್ಟೇ ತಮ್ಮ ಕೆಲಸವೆಂದು ಅವರು ತಿಳಿಯಲಿಲ್ಲ. ಆ ಡಬ್ಬಿಗಳ ಮೇಲೆ ‘ವಿಷ’ ಎಂದು ಅಚ್ಚು ಹಾಕಿಸಲೇಬೇಕೆಂದು ವರ್ಷಗಳ ಕಾಲ ವಾದಿಸಿದರು. 1927ರಲ್ಲಿ ಅದು ಕಾನೂನಾಯಿತು. 1970ರಲ್ಲಿ ಅದೇ ದೇಶ ಇನ್ನೊಂದು ಹೆಜ್ಜೆ ಮುಂದಿಟ್ಟು, ಅಪಾಯದ ಗೃಹೋಪಯೋಗಿ ವಸ್ತುಗಳಿಗೆ ಎಳೆಯ ಮಕ್ಕಳು ತೆರೆಯಲಾರದಂತಹ ಮುಚ್ಚಳ ಬೇಕೆಂಬ ಶಾಸನವನ್ನು ಮಾಡಿತು. ಮೊದಲನೆಯ ಕಾನೂನು ಓದಬಲ್ಲ ಹಿರಿಯರನ್ನು ಎಚ್ಚರಿಸಿತು. ಎರಡನೆಯದು ಓದಲಾರದ ಮಗುವನ್ನು ನೇರವಾಗಿ ಕಾಪಾಡಿತು. ಆದರೆ ಬೇರೆ ಡಬ್ಬಿಗೆ ಸುರಿದಿಟ್ಟ ಪುಡಿಗೆ ಈ ಎರಡರ ರಕ್ಷಣೆಯೂ ಇರುವುದಿಲ್ಲ.

“ಮುಟ್ಟಬಾರದೆಂದು ಮಕ್ಕಳಿಗೆ ಕಲಿಸಿದರೆ ಸಾಲದೆ?” ಎಂದು ಕೇಳುವವರಿದ್ದಾರೆ. ಕಲಿಸಬೇಕಾದುದು ನಿಜ. ಆದರೆ ಕಲಿಕೆಗೂ ಒಂದು ವಯಸ್ಸುಂಟು. ಒಂದೆರಡು ವರ್ಷದ ಮಗು ಲೋಕವನ್ನು ಅರಿಯುವುದೇ ಬಾಯಿಯಿಂದ. ಹಾಲುಪುಡಿಯ ಡಬ್ಬಿಯಲ್ಲಿರುವುದು ಹಾಲುಪುಡಿಯೆಂದು ಅದು ನಂಬಿದರೆ ತಪ್ಪು ಮಗುವಿನದಲ್ಲ. ಹಿರಿಯರೇ ಅದಕ್ಕೆ ಹಾಗೆ ಕಲಿಸಿದ್ದಾರೆ. ಗದರಿಕೆಯು ಗದರುವವರು ಎದುರಿಗಿರುವವರೆಗೆ ಮಾತ್ರ ಕೆಲಸ ಮಾಡುತ್ತದೆ. ಕಪಾಟಿನ ಚಿಲಕವಾದರೋ ಮನೆಯವರು ನಿದ್ರಿಸುವಾಗಲೂ ಕಾವಲಿರುತ್ತದೆ.

ಮನೆಯ ನಾಯಿಗೂ ಬೆಕ್ಕಿಗೂ ಉಪದೇಶದ ಮಾತೇ ಸಲ್ಲದು. ಚೆಲ್ಲಿದ ದ್ರಾವಣದ ಮೇಲೆ ನಡೆದ ಬೆಕ್ಕು ತನ್ನ ಪಾದವನ್ನು ತಾನೇ ನೆಕ್ಕುತ್ತದೆ. ಬಟ್ಟೆಯನ್ನು ಮೃದುಗೊಳಿಸುವ ಕೆಲವು ದ್ರಾವಣಗಳಿಂದ ಅದರ ನಾಲಗೆ ಹುಣ್ಣಾಗುತ್ತದೆ. ಮಳೆಗಾಲದ ಚಳಿಗೆ ಬೆಚ್ಚನೆಯ ಜಾಗ ಹುಡುಕುತ್ತ ಅದು ಯಂತ್ರದೊಳಗಿನ ಬಟ್ಟೆಯ ನಡುವೆ ಮಲಗುವುದೂ ಉಂಟು. ನಾಯಿಮರಿ ಸಿಕ್ಕಿದ ಪೊಟ್ಟಣವನ್ನು ಹರಿಯದೆ ಬಿಡದು. ಸಾಕಿದವರೇ ಈ ಪ್ರಾಣಿಗಳಿಗೆ ದಿಕ್ಕು.

ಪರಿಹಾರಕ್ಕೆ ದೊಡ್ಡ ವೆಚ್ಚ ಬೇಕಿಲ್ಲ. ಒಗೆತದ ಸಾಮಗ್ರಿಗಳೆಲ್ಲವೂ ಹಿರಿಯರ ಭುಜಕ್ಕಿಂತ ಮೇಲಿನ, ಚಿಲಕವಿರುವ ಒಂದು ಗೂಡಿನಲ್ಲಿರಲಿ. ಕೆಳಗೆ ಹತ್ತಿ ನಿಲ್ಲಲು ಮಣೆಯಾಗಲಿ ಸ್ಟೂಲಾಗಲಿ ಇರದಿರಲಿ. ಪುಡಿಗೆ ತೇವ ತಾಗುವುದಾದರೆ ಪೊಟ್ಟಣವನ್ನು ಪೊಟ್ಟಣದೊಡನೆಯೇ ಡಬ್ಬಿಯಲ್ಲಿಡಬಹುದು. ತಿಂಡಿಯ ಡಬ್ಬಿಯೂ ಕುಡಿಯುವ ನೀರಿನ ಬಾಟಲಿಯೂ ಆ ಕೆಲಸಕ್ಕೆ ಎಂದಿಗೂ ಬೇಡ. ನುಸಿಗುಳಿಗೆಯ ಬದಲು ಬಟ್ಟೆಗಳನ್ನು ಚೆನ್ನಾಗಿ ಬಿಸಿಲಿಗೆ ಹಾಕಿ ಮುಚ್ಚಿಟ್ಟರೆ ಮಗುವಿರುವ ಮನೆಗೆ ಕ್ಷೇಮ. ಕೆಲಸ ಮುಗಿದೊಡನೆ ಬಕೆಟ್ಟನ್ನು ಬರಿದುಮಾಡಿ ಕವುಚಿಡಬೇಕು. ನೀರು ಹಿಡಿದಿಡಲೇಬೇಕಾದರೆ ಭದ್ರವಾದ ಮುಚ್ಚಳ ಬೇಕು, ಬಚ್ಚಲಿನ ಬಾಗಿಲು ಮುಚ್ಚಿರಬೇಕು. ಯಂತ್ರದ ಬಾಗಿಲನ್ನು ಸದಾ ಮುಚ್ಚಿಟ್ಟು, ಚಾಲೂ ಮಾಡುವ ಮೊದಲು ಒಳಗೆ ಒಮ್ಮೆ ಕೈಯಾಡಿಸಿ ನೋಡುವುದು ಲೇಸು.

ಇಷ್ಟಾದರೂ ಮಗು ಏನನ್ನಾದರೂ ನುಂಗಿದರೆ ಅದನ್ನು ವಾಂತಿ ಮಾಡಿಸಬಾರದು. ಸುಟ್ಟ ನಾಳ ಮತ್ತೊಮ್ಮೆ ಸುಡುತ್ತದೆ. ಹುಳಿನೀರು, ಉಪ್ಪುನೀರುಗಳನ್ನೂ ಕುಡಿಸಬಾರದು. ಬಾಯಿಯನ್ನು ಒರೆಸಿ, ಆ ಪೊಟ್ಟಣವನ್ನೂ ಕೈಯಲ್ಲಿ ಹಿಡಿದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಕರೆಮಾಡಿದರೆ ಆಂಬುಲೆನ್ಸ್ ಬರುತ್ತದೆ. ಕಣ್ಣಿಗೆ ಬಿದ್ದಿದ್ದರೆ ಹರಿಯುವ ನೀರಿನಲ್ಲಿ ಕಾಲು ಗಂಟೆಯಾದರೂ ತೊಳೆದು ಬಳಿಕ ಹೊರಡಬೇಕು. ನುಸಿಗುಳಿಗೆಯ ಪರಿಣಾಮ ಒಂದೆರಡು ದಿನ ಕಳೆದು ಕಾಣಿಸಬಹುದು. ಆದುದರಿಂದ ಮಗು ಆಡಿಕೊಂಡಿದೆಯೆಂದು ಮನೆಯಲ್ಲಿಯೇ ಉಳಿಯುವುದು ಸಲ್ಲದು.

ಒಗೆಯುವ ಕೆಲಸ ಹೆಚ್ಚಾಗಿ ಮನೆಯ ಹೆಂಗಸರ ಮೇಲೆಯೋ ಕೆಲಸದವರ ಮೇಲೆಯೋ ಬಿದ್ದಿದೆ. ಅವಘಡವಾದಾಗ “ನೀನು ನೋಡಬಾರದಿತ್ತೆ?” ಎಂಬ ಆಕ್ಷೇಪವೂ ಅವರಿಗೇ ಬರುತ್ತದೆ. ಇದು ನ್ಯಾಯವಲ್ಲ. ಎರಡು ಕೈಗಳಲ್ಲಿ ಹತ್ತು ಕೆಲಸ ಹಿಡಿದವರ ಕಣ್ಣು ಒಂದು ಗಳಿಗೆ ತಪ್ಪುವುದು ಸಹಜ. ಗೂಡು ಹೊಡೆಸುವುದು, ಚಿಲಕ ಹಾಕಿಸುವುದು, ತೆಗೆದ ವಸ್ತುವನ್ನು ಮರಳಿ ಅಲ್ಲಿಯೇ ಇಡುವುದು, ಇವು ಆ ಮನೆಯಲ್ಲಿ ಶುಭ್ರವಾದ ಬಟ್ಟೆ ತೊಡುವ ಎಲ್ಲರ ಹೊಣೆ. ಓದುಬರಹ ಬಲ್ಲ ಅಣ್ಣ ಅಕ್ಕಂದಿರಿಗೂ ಇದರಲ್ಲಿ ಪಾಲಿದೆ. ಅವರು ಒಂದು ದಿನ ಬಚ್ಚಲಿನ ನೆಲದ ಮೇಲೆ ಕುಳಿತು, ತಮ್ಮನೋ ತಂಗಿಯೋ ಕೈಚಾಚಿದರೆ ಏನೇನು ಸಿಕ್ಕೀತೆಂದು ನೋಡಲಿ. ಸಿಕ್ಕುವುದನ್ನೆಲ್ಲ ಅಂದೇ ಮೇಲಕ್ಕೆತ್ತಿ ಇಡಲಿ.